ಲಾಂಗ್ ವೀಕೆಂಡ್‌ಗೆ ಕಾರು ಬೇಡ, ಸೈಕಲ್ ಹತ್ತಿ

ಮೆಮೋರಿಯಲ್ ಡೇ ಹತ್ತಿರ ಬಂತು ಅಂದ್ರೆ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: "ಎಲ್ಲಿಗೆ ಹೋಗೋಣ?" ಉತ್ತರವೂ ಹೆಚ್ಚುಕಡಿಮೆ ಒಂದೇ. ಏಳು ಜನ ಸೇರಿ ಒಂದು ಮಿನಿವ್ಯಾನ್ ಬಾಡಿಗೆಗೆ ತಗೊಳ್ಳೋದು. ಬೆಳಗ್ಗೆ ಆರಕ್ಕೆ ಹೊರಡ್ತೀವಿ ಅಂದವರು ಒಂಬತ್ತಕ್ಕೆ ಹೊರಡೋದು. ದಾರಿಯುದ್ದಕ್ಕೂ ಹಾಡು ಯಾರ ಫೋನಿಂದ ಹಾಕಬೇಕು ಅಂತ ಜಗಳ. ನಯಾಗರ ಮುಟ್ಟಿ, ಪಾರ್ಕಿಂಗ್ ಹುಡುಕಿ, ಮುಕ್ಕಾಲು ಗಂಟೆ ಫೋಟೋ ತೆಗೆದು, ಇಂಡಿಯನ್ ರೆಸ್ಟೋರೆಂಟ್‌ನಲ್ಲಿ ಆರಿದ ಬಿರಿಯಾನಿ ತಿಂದು ವಾಪಸ್ಸು. ಸೋಮವಾರ ರಾತ್ರಿ ಸ್ಪ್ಲಿಟ್‌ವೈಸ್‌ನಲ್ಲಿ ಲೆಕ್ಕ. ನಾನೂ ಬಂದ ಮೊದಲ ವರ್ಷವೇ ಎರಡು ಸಲ ಹೀಗೆ ಹೋಗಿ ಬಂದಿದ್ದೀನಿ. ಜಲಪಾತದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಎರಡು ಟ್ರಿಪ್‌ಗಳಲ್ಲಿ ನನಗೆ ನೆನಪಿರೋದು ಕಾರಿನ ಹಿಂದಿನ ಸೀಟು ಮಾತ್ರ.

ಈ ಲೇಖನದಲ್ಲಿ ನಾನು ಹೇಳೋಕೆ ಹೊರಟಿರೋದು ಇಷ್ಟು: ಪಿಟ್ಸ್‌ಬರ್ಗ್‌ನಲ್ಲಿ ಓದುತ್ತಿರುವ ನಮ್ಮ ಮನೆ ಬಾಗಿಲಿನಿಂದಲೇ ಅಮೆರಿಕದ ಒಳ್ಳೆಯ ಸೈಕಲ್ ದಾರಿಗಳಲ್ಲಿ ಒಂದು ಶುರುವಾಗುತ್ತೆ. ಅದನ್ನು ನಾವು ಬಳಸ್ತಾನೇ ಇಲ್ಲ. ಬಳಸದೇ ಇರೋಕೆ ನಾವು ಕೊಡೋ ಕಾರಣಗಳಲ್ಲಿ ಅರ್ಧ ನಿಜ, ಅರ್ಧ ಸುಮ್ಮನೆ ರೂಢಿ.

ಪೇಟೆಯ ತುದಿಯಲ್ಲಿ, ಮೂರು ನದಿ ಸೇರುವ ಪಾಯಿಂಟ್ ಸ್ಟೇಟ್ ಪಾರ್ಕ್ ನಮಗೆಲ್ಲ ಗೊತ್ತು. ಊರಿಂದ ಅಪ್ಪ ಅಮ್ಮ ಬಂದರೆ ಮೊದಲು ಕರಕೊಂಡು ಹೋಗೋ ಜಾಗ. ಅಲ್ಲಿಂದಲೇ ಗ್ರೇಟ್ ಅಲೆಘೆನಿ ಪ್ಯಾಸೇಜ್ ಹೊರಡುತ್ತೆ. ಎಲ್ಲರೂ ಚಿಕ್ಕದಾಗಿ "ಗ್ಯಾಪ್" ಅಂತಾರೆ. 150 ಮೈಲಿ, ಅಂದ್ರೆ ಸುಮಾರು 241 ಕಿಲೋಮೀಟರ್ ಓಡಿ ಮೇರಿಲ್ಯಾಂಡ್‌ನ ಕಂಬರ್‌ಲ್ಯಾಂಡ್ ಊರು ಮುಟ್ಟುತ್ತೆ. ಅಲ್ಲಿಂದ ಹಳೇ ಸಿ ಅಂಡ್ ಓ ಕಾಲುವೆಯ ದಂಡೆಯ ದಾರಿ 184.5 ಮೈಲಿ ಹೋಗಿ ವಾಷಿಂಗ್ಟನ್‌ನ ಜಾರ್ಜ್‌ಟೌನ್‌ನಲ್ಲಿ ಮುಗಿಯುತ್ತೆ. ಮಧ್ಯದ ಊರುಗಳ ಬೀದಿ, ರಸ್ತೆ ದಾಟುವ ಜಾಗಗಳನ್ನು ಬಿಟ್ಟರೆ ಈ ದಾರಿಯಲ್ಲಿ ಕಾರು ಲಾರಿಗಳ ಕಾಟವೇ ಇಲ್ಲ.

ಕಳೆದ ಮೇ ತಿಂಗಳಲ್ಲಿ ಪರೀಕ್ಷೆ ಮುಗಿದ ವಾರ ನಾವು ಮೂರು ಜನ ಹುಡುಗೀರು ಕಂಬರ್‌ಲ್ಯಾಂಡ್‌ವರೆಗೆ ಹೋದೆವು. ಧಾರವಾಡದ ನನ್ನ ರೂಮ್‌ಮೇಟ್, ಮಂಡ್ಯದ ಒಬ್ಬ ಜೂನಿಯರ್, ಮತ್ತು ಭದ್ರಾವತಿಯ ನಾನು. ಮೂವರಲ್ಲಿ ಯಾರೂ ಕ್ರೀಡಾಪಟು ಅಲ್ಲ. ನಾನು ಕೊನೆಯದಾಗಿ ಸರಿಯಾಗಿ ಸೈಕಲ್ ತುಳಿದದ್ದು ಹೈಸ್ಕೂಲಿನಲ್ಲಿ, ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲು. ಪಿಯುಸಿಗೆ ಬಂದಮೇಲೆ "ಇನ್ನು ಸಾಕು, ಬಸ್ಸಲ್ಲಿ ಹೋಗು" ಅಂತ ಮನೆಯಲ್ಲಿ ಹೇಳಿದರು, ನಾನೂ ಬಿಟ್ಟೆ. ನಮ್ಮೂರಿನ ಎಷ್ಟೋ ಹುಡುಗಿಯರ ಕಥೆ ಇದೇ.

ಹೊರಡುವ ಹಿಂದಿನ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಲೋನ್ ಮಾಡಿ ಅಮೆರಿಕಾಕ್ಕೆ ಕಳಿಸಿದ್ದು ಸೈಕಲ್ ತುಳಿಯೋಕೇನೇ?" ಅಂದರು. ಹಿಂದಿನಿಂದ ಅಪ್ಪ ನಕ್ಕಿದ್ದು ಕೇಳಿಸ್ತು. ಅಮ್ಮನ ಮಾತು ತಮಾಷೆ ಅಲ್ಲ. ಅಪ್ಪ ಇಪ್ಪತ್ತೆಂಟು ವರ್ಷ ಸೈಕಲ್ಲಿನಲ್ಲಿ ಕಾರ್ಖಾನೆಯ ಶಿಫ್ಟಿಗೆ ಹೋದವರು. ನಮ್ಮ ಮನೆಗೆ ಸ್ಕೂಟರ್ ಬಂದ ದಿನ ಅಮ್ಮ ಕಾಯಿ ಒಡೆದು, ಬೀದಿಗೆಲ್ಲ ಪೇಡ ಹಂಚಿದ್ದರು. ನಮ್ಮಂಥ ಮನೆಗಳಲ್ಲಿ ಸೈಕಲ್ಲು ಬಿಡೋದೇ ಏಳಿಗೆ. ಬಿಟ್ಟುಬಂದ ಕಷ್ಟವನ್ನ ಮಗಳು ದುಡ್ಡು ಕೊಟ್ಟು ಮತ್ತೆ ಕೊಂಡುಕೊಳ್ತಾಳೆ ಅಂದ್ರೆ ಯಾವ ತಾಯಿಗೆ ಅರ್ಥ ಆಗುತ್ತೆ? ಈ ಪ್ರಶ್ನೆಯನ್ನ ನಾನು ದಾರಿಯುದ್ದಕ್ಕೂ ಹೊತ್ತುಕೊಂಡು ಹೋದೆ. ಉತ್ತರ ಕೊನೆಗೆ ಹೇಳ್ತೀನಿ.

ಮೊದಲು ಎಲ್ಲರೂ ಕೇಳೋ ಪ್ರಶ್ನೆ: "ಅಷ್ಟು ದೂರ ಆಗುತ್ತಾ?" ಇಂಜಿನಿಯರಿಂಗ್ ಓದಿದವರಿಗೆ ಲೆಕ್ಕದಲ್ಲೇ ಹೇಳಿಬಿಡ್ತೀನಿ. ಗ್ಯಾಪ್ ಹಳೇ ರೈಲು ಹಳಿಯ ಜಾಡು. ಸಾವಿರಾರು ಟನ್ ಕಲ್ಲಿದ್ದಲು ಎಳೆಯೋ ಉಗಿಬಂಡಿ ಕಡಿದಾದ ದಿಣ್ಣೆ ಹತ್ತೋದಿಲ್ಲ. ಆದ್ದರಿಂದ ಹಳಿ ಹಾಕಿದವರು ಬೆಟ್ಟ ಕೊರೆದು, ಕಣಿವೆಗೆ ಸೇತುವೆ ಕಟ್ಟಿ, ನದಿಯ ಪಕ್ಕದಲ್ಲೇ ಸುತ್ತಿ ಸುತ್ತಿ ದಾರಿ ಸಮ ಮಾಡಿದ್ದಾರೆ. ಪಿಟ್ಸ್‌ಬರ್ಗ್‌ನಿಂದ ದಾರಿಯ ಅತಿ ಎತ್ತರದ ಜಾಗ ಸುಮಾರು 200 ಕಿಲೋಮೀಟರ್ ದೂರ. ಅಷ್ಟರಲ್ಲಿ ಏರೋದು ಸುಮಾರು 500 ಮೀಟರ್. ಸರಾಸರಿ ಸಾವಿರ ಮೀಟರ್ ಹೋದರೆ ಎರಡೂವರೆ ಮೀಟರ್ ಏರು. ನಂದಿಬೆಟ್ಟಕ್ಕೆ ಸೈಕಲ್ ತುಳಿದು ನಾಲಿಗೆ ಹೊರಗೆ ಹಾಕಿದವರು ಅದೇ ನೆನಪಿನಲ್ಲಿ ಇದಕ್ಕೆ ಹೆದರಬೇಡಿ. ಇಲ್ಲಿ ಏರು ಕಣ್ಣಿಗೆ ಕಾಣಿಸೋದಿಲ್ಲ, ಸಂಜೆ ಹೊತ್ತಿಗೆ ತೊಡೆಗೆ ಮಾತ್ರ ಗೊತ್ತಾಗುತ್ತೆ.

ನಾವು ನಾಲ್ಕು ದಿನಕ್ಕೆ ಹಂಚಿಕೊಂಡೆವು. ಮೊದಲ ದಿನ ವೆಸ್ಟ್ ನ್ಯೂಟನ್, 58 ಕಿಲೋಮೀಟರ್. ಎರಡನೇ ದಿನ ಓಹಯೋಪೈಲ್, 68. ಮೂರನೇ ದಿನ ಮೈಯರ್ಸ್‌ಡೇಲ್, 64. ನಾಲ್ಕನೇ ದಿನ ಕಂಬರ್‌ಲ್ಯಾಂಡ್, 51. ಬರುವಾಗ ಸೈಕಲ್ಲುಗಳನ್ನ ಆ್ಯಮ್‌ಟ್ರಾಕ್ ರೈಲಿಗೆ ಹಾಕಿಕೊಂಡು ಬಂದೆವು. ಮೊದಲೇ ಸೈಕಲ್ಲಿಗೂ ಬುಕ್ ಮಾಡಬೇಕು, ಮರೀಬೇಡಿ. ಸಂಜೆ ಹತ್ತಿದರೆ ಮಧ್ಯರಾತ್ರಿಗೆ ಪಿಟ್ಸ್‌ಬರ್ಗ್. ನಾಲ್ಕು ದಿನ ತುಳಿದದ್ದನ್ನ ರೈಲು ಒಂದು ನಿದ್ದೆಯಲ್ಲಿ ಮುಗಿಸಿತು.

ಸುಳ್ಳು ಹೇಳೋಲ್ಲ, ಎಲ್ಲವೂ ಚೆಂದ ಇರಲಿಲ್ಲ. ಮೊದಲ ದಿನ ನಾನು ಹೇರಿಕೊಂಡ ಸಾಮಾನು ನೋಡಿದ್ರೆ ಮದುವೆ ದಿಬ್ಬಣ ಹೊರಟ ಹಾಗಿತ್ತು. ಲ್ಯಾಪ್‌ಟಾಪ್ ಕೂಡ ತಂದಿದ್ದೆ, ಯಾವುದಾದರೂ ಕಂಪನಿಯವರು ಕರೆದರೆ ಅಂತ. ಎರಡನೇ ದಿನ ಮಧ್ಯಾಹ್ನ ಮಳೆ. ಸುಣ್ಣದಕಲ್ಲಿನ ಪುಡಿ ಹಾಸಿದ ದಾರಿ, ಬೂದಿ ಬಣ್ಣದ ಕೆಸರು ಬೆನ್ನಿನವರೆಗೆ ಹಾರಿತು. ಕನೆಲ್ಸ್‌ವಿಲ್ ದಾಟಿದ ಮೇಲೆ ಮಂಡ್ಯದ ಹುಡುಗಿಯ ಸೈಕಲ್ ಪಂಕ್ಚರ್. "ಅಕ್ಕೋ, ನಮ್ಮೂರಾಗಿದ್ರೆ ಹತ್ತು ಹೆಜ್ಜೆಗೊಂದು ಪಂಕ್ಚರ್ ಅಂಗ್ಡಿ ಇರ್ತಿತ್ತು" ಅಂದಳು. ಯೂಟ್ಯೂಬ್ ನೋಡೋಣ ಅಂದ್ರೆ ಆ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಮೂರು ಇಂಜಿನಿಯರುಗಳು ಸೇರಿ ಒಂದು ಟ್ಯೂಬ್ ಬದಲಾಯಿಸೋಕೆ ಐವತ್ತು ನಿಮಿಷ ತಗೊಂಡೆವು. ಆಮೇಲೆ ಧಾರವಾಡದವಳು ಕೆಸರಲ್ಲಿ ಕಾಲು ಚಾಚಿ ಕೂತು, "ನನ್ನ ಮೊಣಕಾಲು ಇನ್ನ ನನ್ನ ಮಾತು ಕೇಳಂಗಿಲ್ಲ, ನೀವ ಹೋಗ್ರಿ" ಅಂದಳು. ಅವಲಕ್ಕಿಗೆ ಚಟ್ನಿಪುಡಿ, ಮೊಸರು ಕಲಸಿ ಕೊಟ್ಟ ಮೇಲೆ ಎದ್ದಳು.

ಆ ನದಿಯ ಹೆಸರು ಕೇಳಿದರೆ ನಿಮಗೂ ನಗು ಬರುತ್ತೆ. ಯಾಕಗೇನಿ. ಇಲ್ಲಿಯವರು ಚಿಕ್ಕದಾಗಿ "ಯಾಕ್" ಅಂತಾರೆ. ಅದರ ಪಕ್ಕದಲ್ಲೇ ಎರಡು ದಿನ ತುಳಿಯಬೇಕು. ಸುಸ್ತಾದಾಗಲೆಲ್ಲ ನದಿ ನಮ್ಮನ್ನ ಅಚ್ಚಗನ್ನಡದಲ್ಲಿ "ಯಾಕ್?" ಅಂತ ಕೇಳ್ತಿತ್ತು.

ಯಾಕೆ ಅನ್ನೋದಕ್ಕೆ ನನ್ನ ಹತ್ತಿರ ಎರಡು ಉತ್ತರ ಇವೆ.

ಒಂದನೆಯದು, ನಮ್ಮ ಕ್ಯಾಲೆಂಡರ್ ಬಗ್ಗೆ. ಇಲ್ಲಿ ನಾವು ಬದುಕೋದೇ ಗಡುವುಗಳಲ್ಲಿ. ಅಸೈನ್‌ಮೆಂಟಿನ ಗಡುವು, ಇಂಟರ್ನ್‌ಶಿಪ್ ಅರ್ಜಿಯ ಗಡುವು, ಮುಂದೆ ಓಪಿಟಿಯಲ್ಲಿ ಕೆಲಸ ಇಲ್ಲದೆ ಇರಬಹುದಾದ 90 ದಿನದ ಲೆಕ್ಕ, ಆಮೇಲೆ ವೀಸಾ ಲಾಟರಿ. ನನಗೆ ಆ ಬೇಸಿಗೆಗೆ ಇಂಟರ್ನ್‌ಶಿಪ್ ಸಿಕ್ಕಿರಲಿಲ್ಲ. ಮೊದಲ ದಿನ ಮೆಕೀಸ್‌ಪೋರ್ಟ್ ಹತ್ತಿರ ನೀರು ಕುಡಿಯೋಕೆ ನಿಂತಾಗಲೂ ಫೋನ್ ತೆಗೆದೆ, ಇನ್ನೊಂದು "ವಿಷಾದದಿಂದ ತಿಳಿಸುತ್ತೇವೆ" ಮೇಲ್ ಬಂದಿತ್ತು. ಸೈಕಲ್ ತುಳಿದರೆ ಕೆಲಸ ಸಿಗುತ್ತೆ ಅಂತ ನಾನು ಹೇಳ್ತಿಲ್ಲ. ನನಗೆ ಸಿಗಲಿಲ್ಲ, ಆ ಬೇಸಿಗೆ ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿಯೇ ಕಳೆದೆ. ಆದರೆ ಎರಡನೇ ದಿನ ಮಧ್ಯಾಹ್ನದಿಂದ ಮೂರನೇ ದಿನ ಸಂಜೆವರೆಗೆ ನಾನು ಆ ಮೇಲನ್ನ ಒಂದು ಸಲವೂ ನೆನೆಸಿಕೊಳ್ಳಲಿಲ್ಲ. ಆರು ತಿಂಗಳಲ್ಲಿ ಅದೇ ಮೊದಲು. ಕಾರಿನ ಟ್ರಿಪ್‌ನಲ್ಲಿ ಇದು ಆಗಲಿಲ್ಲ, ಯಾಕಂದ್ರೆ ಹಿಂದಿನ ಸೀಟಿನಲ್ಲಿ ಕೂತು ನಾನು ಲಿಂಕ್ಡ್‌ಇನ್ ನೋಡ್ತಾನೇ ಇದ್ದೆ. ಹ್ಯಾಂಡಲ್ ಹಿಡಿದ ಕೈಗೆ ಫೋನ್ ಹಿಡಿಯೋಕೆ ಆಗೋದಿಲ್ಲ. ಇಷ್ಟು ಸರಳ ವಿಷಯ.

ಎರಡನೆಯದು, ನಾವು ಇರೋ ಊರಿನ ಬಗ್ಗೆ. ಪಿಟ್ಸ್‌ಬರ್ಗ್‌ಗೆ ಬಂದ ನಾವು ಕ್ಯಾಂಪಸ್, ಇಂಡಿಯನ್ ಸ್ಟೋರ್, ವೆಂಕಟೇಶ್ವರ ದೇವಸ್ಥಾನ, ಏರ್‌ಪೋರ್ಟ್ ಈ ನಾಲ್ಕರ ಮಧ್ಯೆ ಓಡಾಡಿ ಡಿಗ್ರಿ ಮುಗಿಸ್ತೀವಿ. ಹೋಮ್‌ಸ್ಟೆಡ್ ನಮಗೆ ಸಿನಿಮಾ ಮತ್ತು ಶಾಪಿಂಗ್‌ಗೆ ಹೋಗೋ ಜಾಗ. ಅಲ್ಲಿ ಸಾಲಾಗಿ ನಿಂತಿರೋ ಎತ್ತರದ ಇಟ್ಟಿಗೆ ಚಿಮಣಿಗಳನ್ನ ನಾನು ಅಲಂಕಾರ ಅಂದುಕೊಂಡಿದ್ದೆ! ಅದು ಒಂದು ಕಾಲದಲ್ಲಿ ಜಗತ್ತಿಗೇ ಹೆಸರಾಗಿದ್ದ ಉಕ್ಕಿನ ಕಾರ್ಖಾನೆ. 1892ರ ಜುಲೈನಲ್ಲಿ ಮುಷ್ಕರ ಹೂಡಿದ ಕಾರ್ಮಿಕರಿಗೂ, ನದಿಯಲ್ಲಿ ದೋಣಿ ಹತ್ತಿ ಬಂದ ಪಿಂಕರ್ಟನ್ ಕಾವಲುಗಾರರಿಗೂ ಗುಂಡಿನ ಕಾಳಗ ನಡೆದು ಎರಡೂ ಕಡೆ ಜನ ಸತ್ತರು. ಸೈಕಲ್ ದಾರಿ ಆ ಜಾಗದ ಪಕ್ಕದಲ್ಲೇ ಹೋಗುತ್ತೆ. ಕಾರ್ಖಾನೆ 1986ರಲ್ಲಿ ಮುಚ್ಚಿತು.

ನಾನು ಭದ್ರಾವತಿಯವಳು. ಆ ಚಿಮಣಿಗಳ ಕೆಳಗೆ ನಿಂತಾಗ ನನಗೆ ಏನನಿಸಿತು ಅಂತ ಬಿಡಿಸಿ ಹೇಳಬೇಕಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಕಟ್ಟಿದ, ಆಮೇಲೆ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರನ್ನೇ ಇಟ್ಟುಕೊಂಡ ನಮ್ಮ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತ್ತು. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ದಿನಗಟ್ಟಲೆ ಧರಣಿ ಕೂತರು. ಪಕ್ಕದ ಕಾಗದ ಕಾರ್ಖಾನೆ ಅದಕ್ಕೂ ಮೊದಲೇ, 2015ರಲ್ಲೇ ನಿಂತಿತ್ತು. ಶಿಫ್ಟ್ ಬಿಟ್ಟಾಗ ರಸ್ತೆ ತುಂಬ ಸೈಕಲ್ಲುಗಳೇ ಹರಿದು ಬರ್ತಿದ್ದ ಊರು ನಮ್ಮದು. ಅಪ್ಪ ಆ ಗುಂಪಿನಲ್ಲಿ ಒಬ್ಬರು.

ಮುಂದಿನ ಮೂರು ದಿನ ನಾವು ತುಳಿದದ್ದು ಇಂಥದೇ ಊರುಗಳ ಮಧ್ಯೆ. ಕನೆಲ್ಸ್‌ವಿಲ್ ಸುತ್ತಮುತ್ತ ಒಂದು ಕಾಲಕ್ಕೆ ಉಕ್ಕಿಗೆ ಬೇಕಾದ ಕೋಕ್ ಸುಡುವ ಸಾವಿರಾರು ಗೂಡುಗಳಿದ್ದವು. ಈಗ ಪೊದೆಯೊಳಗೆ ಅಲ್ಲಲ್ಲಿ ಇಟ್ಟಿಗೆ ಕಮಾನು ಉಳಿದಿವೆ. ಉಕ್ಕು, ಕಲ್ಲಿದ್ದಲು ಇಳಿಮುಖ ಆದ ಹಾಗೆ ರೈಲೂ ಹೋಯಿತು. ಕನೆಲ್ಸ್‌ವಿಲ್‌ನಿಂದ ಕಂಬರ್‌ಲ್ಯಾಂಡ್ ಕಡೆಗಿನ ವೆಸ್ಟರ್ನ್ ಮೇರಿಲ್ಯಾಂಡ್ ಹಳಿ 1975ರಲ್ಲಿ ನಿಂತುಹೋಯಿತು. ಸುಮ್ಮನೆ ಬಿಟ್ಟಿದ್ದರೆ ತುಂಡು ತುಂಡಾಗಿ ಮಾರಿ, ಬೇಲಿ ಎದ್ದು ಹೋಗ್ತಿತ್ತು. ಬಿಡಲಿಲ್ಲ. 1986ರಲ್ಲಿ, ಹೋಮ್‌ಸ್ಟೆಡ್ ಕಾರ್ಖಾನೆ ಮುಚ್ಚಿದ ಅದೇ ವರ್ಷ, ಓಹಯೋಪೈಲ್ ಹತ್ತಿರ ಸೈಕಲ್ ದಾರಿಯ ಮೊದಲ ತುಂಡು ತೆರೆಯಿತು. ಆಮೇಲೆ ಊರೂರಿನ ಜನ ಸಂಘ ಕಟ್ಟಿ, ದುಡ್ಡು ಕೂಡಿಸಿ, ಸರ್ಕಾರದ ಬೆನ್ನು ಹತ್ತಿ, ಒಂದೊಂದೇ ತುಂಡು, ಒಂದೊಂದೇ ಸೇತುವೆ ಸೇರಿಸುತ್ತಾ ಬಂದರು. ಪಿಟ್ಸ್‌ಬರ್ಗ್‌ವರೆಗೆ ಪೂರ್ತಿ ಆದದ್ದು 2013ರಲ್ಲಿ. 27 ವರ್ಷ. ನನ್ನ ವಯಸ್ಸಿಗಿಂತ ಜಾಸ್ತಿ.

ಕಾಲುವೆ ದಾರಿಯ ಕಥೆಯೂ ಹೀಗೇ. ಹೇಸರಗತ್ತೆಗಳು ದೋಣಿ ಎಳೆಯುತ್ತಿದ್ದ ದಂಡೆ ಅದು. 1924ರಲ್ಲಿ ದೋಣಿ ಸಂಚಾರ ನಿಂತಿತು. ಅಲ್ಲೊಂದು ಕಾರು ರಸ್ತೆ ಮಾಡೋಣ ಅನ್ನೋ ಯೋಜನೆಯನ್ನ ಪತ್ರಿಕೆ ಬೆಂಬಲಿಸಿದಾಗ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ 1954ರಲ್ಲಿ ಸಂಪಾದಕರನ್ನೇ ಕರೆದು, ನನ್ನ ಜೊತೆ ಇಡೀ ದಾರಿ ನಡೆದು ನೋಡಿ, ಆಮೇಲೆ ಬರೆಯಿರಿ ಅಂದರು. ಎಂಟು ದಿನ ನಡೆದರು. ರಸ್ತೆ ಯೋಜನೆ ಬಿದ್ದುಹೋಯಿತು, 1971ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ನಡೆದು ವಾದ ಗೆದ್ದ ನ್ಯಾಯಾಧೀಶರು!

ಮೈಯರ್ಸ್‌ಡೇಲ್‌ನಲ್ಲಿ ನಾವು ಉಳಿದ ಮನೆಯ ಅಜ್ಜಿ ಬೆಳಗ್ಗೆ ಪ್ಯಾನ್‌ಕೇಕ್ ಮೇಲೆ ಅವರೂರಿನ ಮೇಪಲ್ ಪಾಕ ಸುರಿದು ಕೊಟ್ಟರು. ಮಲೆನಾಡಿನವರಿಗೆ ದೋಸೆ, ಜೋನಿಬೆಲ್ಲ ನೆನಪಾಗಲೇಬೇಕು. ಅಜ್ಜಿಯ ಗಂಡ ರೈಲ್ವೆಯಲ್ಲಿ ಕೆಲಸ ಮಾಡಿದವರಂತೆ. "ರೈಲು ಹೋದಾಗ ಊರು ಸತ್ತಿತು ಅಂದುಕೊಂಡಿದ್ದೆ. ಈಗ ಸೈಕಲ್ಲಿನವರು ಬರ್ತೀರಿ, ಹಾಸಿಗೆ ಹಾಸ್ತೀನಿ" ಅನ್ನೋ ಅರ್ಥದಲ್ಲಿ ಏನೋ ಹೇಳಿದರು. ಸೈಕಲ್ ದಾರಿ ಕಾರ್ಖಾನೆಗೆ ಸಮ ಅಲ್ಲ. ಸಾವಿರಾರು ಸಂಬಳ ಹೋದ ಜಾಗಕ್ಕೆ ನಾಲ್ಕು ಗೆಸ್ಟ್‌ಹೌಸ್, ಎರಡು ಕಾಫಿ ಅಂಗಡಿ ಬಂದರೆ ಲೆಕ್ಕ ಸರಿಹೋಗೋಲ್ಲ. ಭದ್ರಾವತಿಗೆ ಬೇಕಾಗಿರೋದೂ ಕಾರ್ಖಾನೆಯೇ ಹೊರತು ನಮ್ಮಂಥವರ ಪಿಕ್ನಿಕ್ ಅಲ್ಲ. ಆದರೂ ಹೋದದ್ದು ಹೋಯಿತು ಅಂತ ಕೈಚೆಲ್ಲಿ ಕೂರದೆ, ಉಳಿದ ದಾರಿಯನ್ನಾದರೂ ಎಲ್ಲರದು ಅಂತ ಉಳಿಸಿಕೊಂಡರಲ್ಲ, ಅದು ನೋಡಿ ಕಲಿಯಬೇಕಾದ್ದು.

ಕೊನೆಯ ದಿನ ಬೆಳಗ್ಗೆ ಈಸ್ಟರ್ನ್ ಕಾಂಟಿನೆಂಟಲ್ ಡಿವೈಡ್. 2,392 ಅಡಿ. ಈ ಕಡೆ ಬಿದ್ದ ಮಳೆ ಮಿಸಿಸಿಪ್ಪಿ ಸೇರಿ ಮೆಕ್ಸಿಕೋ ಕೊಲ್ಲಿಗೆ, ಆ ಕಡೆ ಬಿದ್ದದ್ದು ಪೊಟೊಮ್ಯಾಕ್ ಸೇರಿ ಅಟ್ಲಾಂಟಿಕ್‌ಗೆ. ನಮ್ಮ ಬಿಸಿಲೆ ಘಾಟಿನಲ್ಲಿ ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಬಂಗಾಳ ಕೊಲ್ಲಿ ಅಂತಾರಲ್ಲ, ಹಾಗೆ. ಅದಾದ ಮೇಲೆ ಬಿಗ್ ಸ್ಯಾವೇಜ್ ಸುರಂಗ, ಒಂದು ಕಿಲೋಮೀಟರ್ ಉದ್ದ. ಒಳಗೆ ಫ್ರಿಜ್ ಬಾಗಿಲು ತೆಗೆದ ಹಾಗೆ ಚಳಿ. ಹೊರಗೆ ಬಂದರೆ ಬೆಟ್ಟದ ಮೇಲೆ ಬೆಟ್ಟ. ಮೂವರೂ ಸೈಕಲ್ ನಿಲ್ಲಿಸಿದೆವು. ಫೋಟೋ ತೆಗೆಯೋದು ಯಾರಿಗೂ ನೆನಪಾಗಲಿಲ್ಲ. ಅಲ್ಲಿಂದ ಕಂಬರ್‌ಲ್ಯಾಂಡ್‌ವರೆಗೆ ಹೆಚ್ಚುಕಡಿಮೆ 35 ಕಿಲೋಮೀಟರ್ ಬರೀ ಇಳಿಜಾರು. ಧಾರವಾಡದವಳು ಮೊಣಕಾಲು ಮರೆತು ಕೂಗಿಕೊಂಡು ಇಳಿದಳು.

ಈಗ ನಿಮ್ಮ ಆಕ್ಷೇಪಣೆಗಳಿಗೆ ಬರೋಣ.

ದುಡ್ಡು. ಮಾರ್ಕೆಟ್‌ಪ್ಲೇಸ್‌ನಲ್ಲಿ ಹಳೇ ಹೈಬ್ರಿಡ್ ಸೈಕಲ್ 150 ಡಾಲರಿಗೆ ತಗೊಂಡೆ, ಅದರಲ್ಲೇ ಈಗ ದಿನಾ ಕ್ಯಾಂಪಸ್ಸಿಗೆ ಹೋಗ್ತೀನಿ. ಎರಡು ರಾತ್ರಿ ಟೆಂಟು, ಒಂದು ರಾತ್ರಿ ಮನೆ, ಊಟ, ರೈಲು ಎಲ್ಲ ಸೇರಿ ನನ್ನ ಪಾಲಿಗೆ 140 ಡಾಲರ್ ಒಳಗೆ ಮುಗಿಯಿತು. ಎರಡನೇ ಸಲದ ನಯಾಗರಕ್ಕೆ ತಲೆಗೆ 190 ಬಿದ್ದಿತ್ತು.

ಸಮಯ. ನಾಲ್ಕು ದಿನ ಇಲ್ಲದಿದ್ದರೆ ಒಂದೇ ದಿನ ಮಾಡಿ. ಓಹಯೋಪೈಲ್‌ಗೆ ಕಾರಿನಲ್ಲೇ ಹೋಗಿ, ಅಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತೆ. ಕಾನ್‌ಫ್ಲುಯೆನ್ಸ್‌ವರೆಗೆ ಹೋಗಿ ಬಂದರೆ 20 ಮೈಲಿ. ಸೈಕಲ್ ಬಾರದವರಿಗೆ ಅದೇ ಪಾರ್ಕಿನಲ್ಲಿ ನಡೆಯೋ ದಾರಿಗಳೂ ಇವೆ.

ಸುರಕ್ಷತೆ. ಇದು ನಿಜವಾದ ಪ್ರಶ್ನೆ, ಹುಡುಗಿಯರಿಗಂತೂ ಹೌದು. ಗಂಟೆಗಟ್ಟಲೆ ನಮ್ಮ ಮೈಬಣ್ಣದವರು ಒಬ್ಬರೂ ಕಾಣಲಿಲ್ಲ. ಒಂದು ಕಡೆ ರಸ್ತೆ ದಾಟುವಾಗ ಟ್ರಕ್ಕಿನಿಂದ ಯಾರೋ ಏನೋ ಕೂಗಿ ಹೋದರು, ಎದೆ ಹೊಡೆದುಕೊಂಡಿತು. ದಾರಿಯಲ್ಲಿ ಸಿಕ್ಕ ಸೈಕಲ್ಲಿನವರು ಮಾತ್ರ ಎಲ್ಲರೂ ನಿಂತು ಮಾತಾಡಿಸಿದರು, ಪಂಪ್ ಕೊಟ್ಟರು. ಒಬ್ಬರೇ ಹೋಗಬೇಡಿ ಅನ್ನೋದು ನನ್ನ ಸಲಹೆ. ಹೆಲ್ಮೆಟ್ ಹಾಕಿ, ದೀಪ ಇಟ್ಟುಕೊಳ್ಳಿ, ಸಂಜೆ ಉಣ್ಣೆ ಹುಳ ಅಂಟಿದೆಯಾ ಅಂತ ಮೈಕೈ ನೋಡಿಕೊಳ್ಳಿ. ಚಳಿಗಾಲದಲ್ಲಿ ಸುರಂಗ ಮುಚ್ಚಿರುತ್ತೆ, ಅದನ್ನೂ ನೋಡಿ ಹೊರಡಿ.

ಇನ್ನೊಂದು ಮಾತು: "ಇದೆಲ್ಲ ಬಿಳಿಯರ ಹವ್ಯಾಸ, ನಮಗಲ್ಲ." ಹಾಗಂತ ಯಾರು ಹೇಳಿದ್ದು? ಶಿವರಾತ್ರಿಗೆ ಬೆಂಗಳೂರಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯೋರು ಯಾರು? ಯುಗಾದಿ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದು ಹೋಗೋರು ಯಾರು? ದೂರದ ದಾರಿ, ಬುತ್ತಿಗಂಟು, ಗೊತ್ತಿಲ್ಲದವರ ಜಗುಲಿಯಲ್ಲಿ ನಿದ್ದೆ, ಇದು ನಮ್ಮ ಅಜ್ಜ ಅಜ್ಜಿಯರಿಗೆ ಹೊಸದಲ್ಲ. ಮರೆತವರು ನಾವು.

ಹಾಗಾಗಿ ನಮ್ಮ ಬಳಗಕ್ಕೆ ನನ್ನದೊಂದು ಕೋರಿಕೆ. ಯುಗಾದಿ, ರಾಜ್ಯೋತ್ಸವ, ದೀಪಾವಳಿ ಊಟ ಎಲ್ಲ ಇರಲಿ. ಜೊತೆಗೆ ವರ್ಷಕ್ಕೊಂದು ದಿನ ಸೈಕಲ್ ಇಟ್ಟುಕೊಳ್ಳೋಣ. ಪದವಿ ಮುಗಿಸಿ ಹೋಗೋ ಸೀನಿಯರುಗಳು ಹಾಸಿಗೆ, ಕುಕ್ಕರ್ ಮಾರುವ ಹಾಗೆ ಸೈಕಲ್ಲನ್ನೂ ಹೊಸಬರಿಗೆ ದಾಟಿಸಲಿ. ಬಳಗದ ಖಾತೆಯಿಂದ ಐದಾರು ಹೆಲ್ಮೆಟ್, ಒಂದು ಪಂಪ್, ಒಂದು ಪಂಕ್ಚರ್ ಕಿಟ್ ತಗೊಳ್ಳೋಣ. ಆಗಸ್ಟ್‌ನಲ್ಲಿ ಬರುವ ಹೊಸಬರನ್ನ ಮೊದಲ ತಿಂಗಳಲ್ಲೇ ಹೋಮ್‌ಸ್ಟೆಡ್‌ವರೆಗಾದರೂ ಕರಕೊಂಡು ಹೋಗೋಣ. ಮನೆ ನೆನಪಾಗಿ ರೂಮಿನಲ್ಲಿ ಒಬ್ಬರೇ ಕೂತು ಅಳೋದು ಆ ತಿಂಗಳಲ್ಲೇ. ನಾನು ಅತ್ತಿದ್ದೆ.

ಅಮ್ಮನ ಪ್ರಶ್ನೆಗೆ ಉತ್ತರ ಕೊಡ್ತೀನಿ ಅಂದಿದ್ದೆ. ಕಂಬರ್‌ಲ್ಯಾಂಡ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ವೀಡಿಯೋ ಕಾಲ್ ಮಾಡಿದೆ. ಊರಲ್ಲಿ ಬೆಳಗಿನ ಜಾವ, ಅಪ್ಪ ಎದ್ದಿದ್ದರು. ಚಿಮಣಿಗಳ ಕಥೆ, ಹಳಿಯ ಕಥೆ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಒಟ್ಟು ಎಷ್ಟು ಕಿಲೋಮೀಟರ್ ಆಯ್ತು?" ಅಂದರು. 241 ಅಂದೆ. "ನಾನು ಇಪ್ಪತ್ತೆಂಟು ವರ್ಷ ದಿನಾ ಹನ್ನೆರಡು ಕಿಲೋಮೀಟರ್ ತುಳಿದೆ ಕಣೇ. ಒಂದು ದಿನಾನೂ ಪಕ್ಕದಲ್ಲಿ ಏನಿದೆ ಅಂತ ನೋಡಲಿಲ್ಲ. ಸೈರನ್ ಕೂಗೋದರೊಳಗೆ ಗೇಟು ಮುಟ್ಟಬೇಕಿತ್ತು" ಅಂದರು.

ಅಮ್ಮಾ, ಇದೇ ಉತ್ತರ. ನಾನು ಕೊಂಡುಕೊಂಡದ್ದು ಕಷ್ಟ ಅಲ್ಲ. ಸೈರನ್ ಇಲ್ಲದ ನಾಲ್ಕು ದಿನ. ಅಪ್ಪನ ಸೈಕಲ್ಲಿಗೆ ಸಿಗದೇ ಇದ್ದದ್ದು ಅದೊಂದೇ.

ಮುಂದಿನ ಮೇನಲ್ಲಿ ವಾಷಿಂಗ್ಟನ್‌ವರೆಗೆ ಹೋಗೋ ಯೋಚನೆ ಇದೆ. ಪಂಕ್ಚರ್ ಹಾಕೋದು ಈಗ ಹದಿನೈದು ನಿಮಿಷಕ್ಕೆ ಬಂದಿದೆ. ಬರ್ತೀರಾ?